ಕಲಬುರಗಿ ಬಿಸಿಲಿಗೆ ಗ್ಯಾಸ್ ಬ್ಲೋಬ್ಯಾಕ್ ರೈಫಲ್: ಯಾವುದು ತಗೊಳ್ಳಲಿ, ಹೇಗೆ ನೋಡಿಕೊಳ್ಳಲಿ?

ತೊಗರಿ_ಹೊಲ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಸೇಡಂ ರಸ್ತೆ ಕಡೆ ಮನೆ. ಏರ್‌ಸಾಫ್ಟ್, ಅಂದರೆ ನಿಜವಾದ ಬಂದೂಕಿನ ಹಾಗೆ ಕಾಣುವ ರೈಫಲಿನಿಂದ ಚಿಕ್ಕ ಪ್ಲಾಸ್ಟಿಕ್ ಗುಂಡು ಹೊಡೆದು ಆಡುವ ಆಟದ ಬಗ್ಗೆ ಒಂದೂವರೆ ವರ್ಷದಿಂದ ಓದುತ್ತಿದ್ದೇನೆ. ಹೈದರಾಬಾದ್‌ನಲ್ಲಿ ಗೆಳೆಯನ ಜೊತೆ ಎರಡು ಸಲ ಆಡಿ ಬಂದೆ. ಅಲ್ಲಿ ನಮಗೆ ಕೊಟ್ಟಿದ್ದು ಬ್ಯಾಟರಿಯಿಂದ ನಡೆಯುವ ರೈಫಲ್. ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಒಬ್ಬರ ಹತ್ತಿರ ಗ್ಯಾಸ್ ಬ್ಲೋಬ್ಯಾಕ್, ಅಂದರೆ ಬ್ಯಾಟರಿ ಬದಲು ಗ್ಯಾಸಿನಿಂದ ನಡೆಯುವ ರೈಫಲ್ ಇತ್ತು, ಒಂದು ಮ್ಯಾಗಜೀನ್ (ಗುಂಡು, ಗ್ಯಾಸ್ ತುಂಬುವ ಡಬ್ಬಿ) ಹೊಡೆದು ನೋಡಿ ಅಂತ ಕೊಟ್ಟರು. ಪ್ರತಿ ಸಲ ಬೋಲ್ಟ್ (ಒಳಗೆ ಹಿಂದೆ ಮುಂದೆ ಓಡುವ ಲೋಹದ ಭಾಗ) ಹಿಂದೆ ಬಂದು ಭುಜಕ್ಕೆ ತಟ್ಟುತ್ತದೆ, ಗುಂಡು ಮುಗಿದರೆ ಬೋಲ್ಟ್ ಹಿಂದೆಯೇ ನಿಂತುಬಿಡುತ್ತದೆ, ನಾವೇ ಮ್ಯಾಗಜೀನ್ ಬದಲಿಸಿ ಬಿಡಬೇಕು. ಅವತ್ತಿನಿಂದ ಅದೇ ತಲೆಯಲ್ಲಿ ಕುಳಿತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಪರಿಚಯದವರೊಬ್ಬರು ಆಟದ ಮೈದಾನ ನಡೆಸುತ್ತಿದ್ದರು, ಅದನ್ನು ಮುಚ್ಚುತ್ತಿದ್ದಾರೆ. ಅವರ ಹತ್ತಿರ ಮೂರು ಗ್ಯಾಸ್ ರೈಫಲ್ ಇವೆ. ಒಂದು ಡಬ್ಲ್ಯುಇ ಕಂಪನಿಯ ಎಂ4 (ಓಪನ್ ಬೋಲ್ಟ್ ಮಾದರಿ), ಅದರ ಜೊತೆ ಐದು ಮ್ಯಾಗಜೀನ್. ಎರಡನೆಯದು ಜಿಎಚ್‌ಕೆ ಎಕೆ, ಮೂರು ಮ್ಯಾಗಜೀನ್. ಮೂರನೆಯದು ಟೋಕಿಯೊ ಮರುಯಿ ಎಂ4, ಎಂಡಬ್ಲ್ಯುಎಸ್ ಅಂತಾರಲ್ಲ ಅದು, ಮ್ಯಾಗಜೀನ್ ಒಂದೇ. ಬಿಲ್ಲು, ಆಮದು ಕಾಗದ ಎಲ್ಲಾ ಇದೆ ಅಂತಾರೆ. ನಾನು ಇನ್ನೂ ನೋಡಿಲ್ಲ.

ಆಡುವುದು ಶಹಾಬಾದ್ ಕಡೆ ಇರುವ ನಮ್ಮ ಹೊಲದಲ್ಲಿ. ತೊಗರಿ ಕೊಯ್ದ ಮೇಲೆ ಜನವರಿಯಿಂದ ಜೂನ್‌ವರೆಗೆ ಖಾಲಿ ಬಿದ್ದಿರುತ್ತದೆ. ನಾವು ಐದಾರು ಜನ, ಎಲ್ಲರೂ ದೊಡ್ಡವರೇ.

ನನ್ನ ಕಷ್ಟ ಏನಂದರೆ, ಎಲ್ಲಿ ಓದಿದರೂ ಚಳಿಯಲ್ಲಿ ಗ್ಯಾಸ್ ಕೆಲಸ ಮಾಡಲ್ಲ, ಮ್ಯಾಗಜೀನ್ ಬೆಚ್ಚಗೆ ಇಟ್ಟುಕೊಳ್ಳಿ, ಜೇಬಿನಲ್ಲಿ ಇಟ್ಟುಕೊಳ್ಳಿ ಅಂತಲೇ ಬರೆದಿರುತ್ತಾರೆ. ನಮ್ಮಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ. ಜೇಬಿನಲ್ಲಿ ಇಟ್ಟರೆ ತೊಡೆ ಸುಡುತ್ತದೆ. ನಮ್ಮ ಬಿಸಿಲಿಗೆ, ನಮ್ಮ ಕಪ್ಪು ಮಣ್ಣಿನ ಧೂಳಿಗೆ ಯಾವುದು ಬಾಳಿಕೆ ಬರುತ್ತದೆ? ಯಾವ ಗ್ಯಾಸ್ ಹಾಕಬೇಕು? ಗೊತ್ತಿರುವವರು ಹೇಳಿ.

ಗೇಜ್_ಮೆಕ್ಯಾನಿಕ್ (ಕಲಬುರಗಿ):

ತಮ್ಮಾ, ನಾನು ಈ ಆಟ ಆಡಿಲ್ಲ. ಆದರೆ ಗ್ಯಾಸ್ ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಕಾರ್ ಎಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದೇನೆ. ಹೋದ ವರ್ಷ ಒಬ್ಬ ಹುಡುಗ ಇಂಥದೇ ಪಿಸ್ತೂಲ್ ತಂದು "ಅಣ್ಣಾ, ಇದಕ್ಕೆ ಗ್ಯಾಸ್ ತುಂಬಿಕೊಡಿ" ಅಂದ. ಅವತ್ತು ಅದನ್ನು ಬಿಚ್ಚಿ ನೋಡಿದೆ, ಹಾಗಾಗಿ ಒಳಗೆ ಏನಿದೆ ಅಂತ ತಿಳಿದಿದೆ.

ಮೊದಲು ಒಂದು ಮಾತು ತಿಳಿದುಕೋ. ಮ್ಯಾಗಜೀನ್ ಒಳಗೆ ಗ್ಯಾಸ್ ದ್ರವವಾಗಿ ಕೂತಿರುತ್ತದೆ. ಅದರ ಒತ್ತಡ ನೀನು ಎಷ್ಟು ತುಂಬಿದೆ ಅನ್ನುವುದರ ಮೇಲೆ ಇಲ್ಲ, ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ಇದೆ. ಅರ್ಧ ತುಂಬಿದರೂ ಅಷ್ಟೇ ಒತ್ತಡ, ಮುಕ್ಕಾಲು ತುಂಬಿದರೂ ಅಷ್ಟೇ. ಬಿಸಿ ಏರಿದರೆ ಮಾತ್ರ ಏರುತ್ತದೆ.

ಗ್ರೀನ್ ಗ್ಯಾಸ್ ಅಂತ ಮಾರುತ್ತಾರಲ್ಲ, ಅದು ಹೆಚ್ಚು ಕಡಿಮೆ ಪ್ರೊಪೇನ್, ಸ್ವಲ್ಪ ಸಿಲಿಕೋನ್ ಎಣ್ಣೆ ಸೇರಿಸಿರುತ್ತಾರೆ. ಪ್ರೊಪೇನ್ 20 ಡಿಗ್ರಿಯಲ್ಲಿ ಗೇಜ್‌ಗೆ ಸುಮಾರು 107 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. 40 ಡಿಗ್ರಿಗೆ ಹೋದರೆ 184. ಇನ್ನೊಂದು ಗ್ಯಾಸ್ ಆರ್-134ಎ, ಕಾರ್ ಎಸಿಗೆ ಹಾಕುವುದು. ಅದು 20 ಡಿಗ್ರಿಯಲ್ಲಿ 68, 40 ಡಿಗ್ರಿಯಲ್ಲಿ 133. ಈ ನಾಲ್ಕು ಅಂಕಿ ಸರಿಯಾಗಿ ನೋಡು. ಕಲಬುರಗಿ ಬೇಸಿಗೆಯಲ್ಲಿ 134ಎ ಕೊಡುವ ಒತ್ತಡ, ತಂಪು ದೇಶದಲ್ಲಿ ಪ್ರೊಪೇನ್ ಕೊಡುವುದಕ್ಕಿಂತ ಜಾಸ್ತಿ. ಅವರಿಗೆ ಗ್ರೀನ್ ಗ್ಯಾಸ್ ಬೇಕು, ನಿಜ. ನಮಗೆ ಫೆಬ್ರವರಿ ದಾಟಿದ ಮೇಲೆ ಅದು ಬೇಕಿಲ್ಲ.

ಒತ್ತಡ ಜಾಸ್ತಿ ಇದ್ದರೆ ಗುಂಡು ಜೋರಾಗಿ ಹೋಗುತ್ತದೆ, ಒಳ್ಳೆಯದೇ ಅಲ್ವಾ ಅನ್ನಬಹುದು. ಒಂದು ಹದದವರೆಗೆ ಹೌದು. ಆಮೇಲೆ ಒಳಗಿನ ಸುತ್ತಿಗೆಗೆ ವಾಲ್ವ್ ತಳ್ಳುವ ಬಲವೇ ಸಾಲದೆ ಹೋಗುತ್ತದೆ. ಟ್ರಿಗರ್ ಒತ್ತಿದರೆ ಟಕ್ ಅನ್ನುತ್ತದೆ, ಏನೂ ಬರಲ್ಲ. ಆ ಹುಡುಗನ ಪಿಸ್ತೂಲಿಗೆ ಆಗಿದ್ದೂ ಅದೇ. ಗಾಡಿ ಡಿಕ್ಕಿಯಲ್ಲಿ ಇಟ್ಟುಕೊಂಡು ಮಧ್ಯಾಹ್ನ ಎರಡು ಗಂಟೆಗೆ ಬಂದಿದ್ದ. ಅರ್ಧ ಗಂಟೆ ಫ್ಯಾನ್ ಕೆಳಗೆ ಇಟ್ಟೆವು, ತಾನೇ ಸರಿಹೋಯಿತು.

ಕಾರ್ಬನ್ ಡೈಆಕ್ಸೈಡ್‌ನ 12 ಗ್ರಾಮಿನ ಚಿಕ್ಕ ಸಿಲಿಂಡರ್ ಹಾಕುವ ಮ್ಯಾಗಜೀನ್‌ಗಳೂ ಇವೆಯಂತೆ. ಅದನ್ನು ನಮ್ಮ ಬೇಸಿಗೆಯಲ್ಲಿ ಮುಟ್ಟಲೇಬೇಡ. 20 ಡಿಗ್ರಿಗೇ 800 ಪಿಎಸ್‌ಐ ದಾಟಿರುತ್ತದೆ. 31 ಡಿಗ್ರಿ ಮೇಲೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಇನ್ನೂ ಏರುತ್ತಾ ಹೋಗುತ್ತದೆ. ನಮ್ಮಲ್ಲಿ 31 ಡಿಗ್ರಿ ಅಂದರೆ ಬೇಸಿಗೆಯ ಬೆಳಗಿನ ತಿಂಡಿ ಹೊತ್ತು.

ಇನ್ನು ಕೈ ಮುಗಿದು ಹೇಳುವ ಎರಡು ಮಾತು. ಎಸಿ ಗ್ಯಾಸ್ ಎಲ್ಲಾ ಒಂದೇ ಅಂತ ಯಾರಾದರೂ ಆರ್-32 ತುಂಬಿಕೊಟ್ಟರೆ ತಗೊಳ್ಳಬೇಡ. ಈಗಿನ ಮನೆ ಎಸಿಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. 40 ಡಿಗ್ರಿಯಲ್ಲಿ ಅದು 345 ಪಿಎಸ್‌ಐ ಹತ್ತಿರ, ಬೆಂಕಿಯೂ ಹಿಡಿಯುತ್ತದೆ. ಮ್ಯಾಗಜೀನ್ ಕೈಯಲ್ಲೇ ಒಡೆಯಬಹುದು. ಎರಡನೆಯದು, ಮನೆಯ ಅಡುಗೆ ಸಿಲಿಂಡರಿನಿಂದ ತುಂಬುವ ವಿಡಿಯೊ ನೋಡಿ ಕೈ ಹಾಕಬೇಡ. ಅದು ಬ್ಯೂಟೇನ್, ಪ್ರೊಪೇನ್ ಬೆರಕೆ. ಹಾಗೆ ತುಂಬುವುದು ಕಾನೂನಿಗೂ ವಿರುದ್ಧ. ಒಂದು ಕಿಡಿ ಬಿದ್ದರೆ ಮನೆ ಮಂದಿ ಎಲ್ಲಾ ಹೋಗುತ್ತಾರೆ.

134ಎ ಬೆಂಕಿ ಹಿಡಿಯಲ್ಲ, ಅದು ದೊಡ್ಡ ನೆಮ್ಮದಿ. ಆದರೆ ಅದು ವಾತಾವರಣಕ್ಕೆ ಕೆಟ್ಟದ್ದು. ಒಂದು ಕೆ.ಜಿ. ಬಿಟ್ಟರೆ 1,430 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಹಿಡಿಯುತ್ತದೆ ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಸುಮ್ನೆ ಶಬ್ದ ಕೇಳಲು ಗಾಳಿಯಲ್ಲಿ ಹೊಡೆಯಬೇಡ. ಬೇಕಾದಷ್ಟೇ ತುಂಬು.

ತುಂಬುವಾಗ ಮ್ಯಾಗಜೀನ್ ತಲೆಕೆಳಗು ಮಾಡು, ಕ್ಯಾನ್ ಅದರ ಮೇಲೆ ನೆಟ್ಟಗೆ ತಲೆಕೆಳಗು. ಆಗ ದ್ರವ ಇಳಿಯುತ್ತದೆ. ಪೂರ್ತಿ ತುಂಬಬೇಡ. ನಾವು ಸಿಲಿಂಡರನ್ನು ಶೇಕಡಾ 80ಕ್ಕಿಂತ ಜಾಸ್ತಿ ತುಂಬುವುದಿಲ್ಲ, ದ್ರವ ಬಿಸಿಗೆ ಹಿಗ್ಗಲು ಜಾಗ ಬೇಕು. ಬೆಳಗ್ಗೆ ತಂಪಿನಲ್ಲಿ ಗಂಟಲವರೆಗೆ ತುಂಬಿ ಮಧ್ಯಾಹ್ನ ಹೊಲಕ್ಕೆ ಒಯ್ದರೆ ಸೀಲು ಕಿತ್ತು ಬರುತ್ತದೆ.

ಬೀದರದವನು_ತೈಚುಂಗ್:

ಮೆಕ್ಯಾನಿಕ್ ಅಣ್ಣ ಹೇಳಿದ್ದಕ್ಕೆ ನಾನು ತಲೆ ಬಾಗುತ್ತೇನೆ. ಇಷ್ಟು ಸ್ಪಷ್ಟವಾಗಿ ನಾನು ಎಲ್ಲೂ ಓದಿರಲಿಲ್ಲ.

ನನ್ನ ಊರು ಬೀದರ್, ಈಗ ಕೆಲಸ ತೈವಾನ್‌ನ ತೈಚುಂಗ್‌ನಲ್ಲಿ. ಡಬ್ಲ್ಯುಇ, ಜಿಎಚ್‌ಕೆ ಎರಡೂ ತೈವಾನ್ ಕಂಪನಿಗಳೇ. ಇಲ್ಲಿ ಆರು ವರ್ಷದಿಂದ ಭಾನುವಾರ ಆಡುತ್ತೇನೆ. ಬೇಸಿಗೆಯಲ್ಲಿ ಇಲ್ಲೂ 34, 35 ಡಿಗ್ರಿ ಇರುತ್ತದೆ, ಹಾಗಾಗಿ ಬಿಸಿಯ ಕಷ್ಟ ಸ್ವಲ್ಪ ಗೊತ್ತು.

ರೈಫಲ್ ಮಾತಿಗೆ ಮುಂಚೆ ಕಾಗದದ ಮಾತು. ನನಗೂ ಒಂದು ಊರಿಗೆ ತರಬೇಕು ಅಂತ ಬಹಳ ಆಸೆ ಇತ್ತು. ವಿಚಾರಿಸಿದ ಮೇಲೆ ಬಿಟ್ಟೆ. ಸ್ಪ್ರಿಂಗ್, ಗಾಳಿ, ಗ್ಯಾಸಿನ ಬಂದೂಕುಗಳ ಆಮದಿಗೆ ಭಾರತದಲ್ಲಿ ನಿರ್ಬಂಧ ಇದೆ, ಅನುಮತಿ ಇಲ್ಲದೆ ಬಂದರೆ ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ. ಏರ್ ಗನ್‌ಗೆ ಲೈಸೆನ್ಸ್ ಬೇಡ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ವಿನಾಯಿತಿಯ ಮಿತಿ 4.5 ಮಿ.ಮೀ. ನಳಿಗೆ ಮತ್ತು 20 ಜೂಲ್ ಶಕ್ತಿ. ಏರ್‌ಸಾಫ್ಟ್ ಶಕ್ತಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ನಳಿಗೆ 6 ಮಿ.ಮೀ. ಹಾಗಾಗಿ "ಆಟಿಕೆ ಕಣೋ, ಏನೂ ಆಗಲ್ಲ" ಅನ್ನುವ ಮಾತನ್ನು ನೆಚ್ಚಿ ಹಣ ಕೊಡಬೇಡ. ಮೂಲ ಬಿಲ್ಲು, ಆಮದು ಅನುಮತಿ, ಕಸ್ಟಮ್ಸ್ ಕಾಗದ ಮೂರನ್ನೂ ಕಣ್ಣಾರೆ ನೋಡು. ಅದರ ಪ್ರತಿ ಇಟ್ಟುಕೊಂಡು ಕಲಬುರಗಿ ಪೊಲೀಸ್ ಕಮಿಷನರ್ ಕಚೇರಿಗೆ ಒಂದು ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತಗೊ. ಹೊಲ ಶಹಾಬಾದ್ ಕಡೆ ಅಂದೆಯಲ್ಲ, ಅಲ್ಲಿನ ಠಾಣೆಗೂ ತಿಳಿಸು. ಆ ಉತ್ತರ ಕೈಗೆ ಬರುವವರೆಗೆ ಹಣ ಕೊಡಬೇಡ.

ಮತ್ತೆ ಇದನ್ನು ಯಾವತ್ತೂ ಹೊರಗೆ ಹಿಡಿದುಕೊಂಡು ಓಡಾಡಬೇಡ. ಹತ್ತು ಹೆಜ್ಜೆ ದೂರದಿಂದ ನಿಜವಾದದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲ್ಲ. ನಮ್ಮ ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ, ಅಂಥ ಊರಲ್ಲಿ ಇದನ್ನು ಹೆಗಲಿಗೆ ಹಾಕಿಕೊಂಡು ಹೋದರೆ ಏನಾಗಬಹುದು ಯೋಚಿಸು. ಮುಚ್ಚಿದ ಪೆಟ್ಟಿಗೆ, ಮ್ಯಾಗಜೀನ್ ಬೇರೆ ಚೀಲ, ನಳಿಗೆ ತುದಿಗೆ ಕಿತ್ತಳೆ ಬಣ್ಣ. ಇಷ್ಟು ಬೇಕೇ ಬೇಕು.

ಈಗ ಮೂರು ರೈಫಲ್. ಮೂರನ್ನೂ ನಾನು ಬಿಚ್ಚಿ ಜೋಡಿಸಿದ್ದೇನೆ.

ಗ್ಯಾಸ್ ಬ್ಲೋಬ್ಯಾಕ್‌ನಲ್ಲಿ ಒಂದೇ ಗ್ಯಾಸ್ ಎರಡು ಕೆಲಸ ಮಾಡುತ್ತದೆ. ಸುತ್ತಿಗೆ ಬಂದು ಮ್ಯಾಗಜೀನಿನ ವಾಲ್ವ್‌ಗೆ ಹೊಡೆಯುತ್ತದೆ. ಗ್ಯಾಸ್ ನಾಝಲ್‌ಗೆ (ಗುಂಡಿನ ಹಿಂದಿರುವ ಚಿಕ್ಕ ಕೊಳವೆ) ನುಗ್ಗಿ ಗುಂಡನ್ನು ಮುಂದೆ ತಳ್ಳುತ್ತದೆ. ಗುಂಡು ಹೊರಟ ಕೂಡಲೇ ನಾಝಲ್ ಒಳಗಿನ ಚಿಕ್ಕ ವಾಲ್ವ್ ಸರಿದು ಅದೇ ಗ್ಯಾಸ್ ಹಿಂದಕ್ಕೆ ತಿರುಗುತ್ತದೆ, ಬೋಲ್ಟನ್ನು ಹಿಂದೆ ಒಗೆಯುತ್ತದೆ. ಬೋಲ್ಟ್ ವಾಪಸ್ ಬರುವಾಗ ಮುಂದಿನ ಗುಂಡನ್ನು ಎತ್ತಿಕೊಂಡು ಬರುತ್ತದೆ. ಅಂದರೆ ಪ್ರತಿ ಗುಂಡಿಗೂ ಲೋಹಕ್ಕೆ ಲೋಹ ಬಡಿಯುತ್ತದೆ. ಒತ್ತಡ ಏರಿದಷ್ಟೂ ಆ ಪೆಟ್ಟು ಜಾಸ್ತಿ. ಬಿಸಿಲಲ್ಲಿ ರೈಫಲ್ ಬೇಗ ಹಾಳಾಗುವುದು ಇದರಿಂದಲೇ.

ಟೋಕಿಯೊ ಮರುಯಿ ಮೂರರಲ್ಲಿ ಎಲ್ಲಕ್ಕಿಂತ ನೇರವಾಗಿ ಹೊಡೆಯುವುದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅದರ ಹಾಪ್-ಅಪ್ ರಬ್ಬರ್ (ಗುಂಡಿಗೆ ತಿರುಗು ಕೊಟ್ಟು ದೂರ, ನೇರ ಹೋಗುವಂತೆ ಮಾಡುವುದು) ಬದಲಿಸುವ ಅಗತ್ಯವೇ ಬಂದಿಲ್ಲ ನನಗೆ. ಆದರೆ ಅದನ್ನು ಜಪಾನಿನ ಕಾನೂನಿಗೆ ಮಾಡಿದ್ದಾರೆ. ಅಲ್ಲಿ 2006ರಿಂದ 0.98 ಜೂಲ್ ಮಿತಿ. ಗ್ಯಾಸ್ 134ಎಯಂಥ ಮೆದು ಗ್ಯಾಸ್. ಒಳಗಿನ ಭಾಗಗಳೂ ಅಷ್ಟಕ್ಕೇ ತಕ್ಕಂತೆ ಹಗುರ. ಡಿಸೆಂಬರ್, ಜನವರಿ ಬೆಳಗ್ಗೆ ನಿಮ್ಮ ಹೊಲದಲ್ಲಿ ಅದು ಹೂವಿನ ಹಾಗೆ ನಡೆಯುತ್ತದೆ. ಏಪ್ರಿಲ್‌ನಲ್ಲಿ 134ಎ ಹಾಕಿದರೂ ಅದಕ್ಕೆ ಹೊಡೆತ ಜಾಸ್ತಿಯೇ. ಮೇಲಾಗಿ ಒಂದೇ ಮ್ಯಾಗಜೀನ್. ಇನ್ನೆರಡು ಎಲ್ಲಿಂದ ತರುತ್ತೀಯಾ? ಆಮದಿನ ಕಥೆ ಮೇಲೆ ಹೇಳಿದೆ.

ಡಬ್ಲ್ಯುಇ ಎಂ4 ಸರಳ ಯಂತ್ರ. ಹೊಸಬರು ಕಲಿಯಲು ಒಳ್ಳೆಯದು, ಎರಡು ಪಿನ್ ತಳ್ಳಿದರೆ ಬಿಚ್ಚಿಕೊಳ್ಳುತ್ತದೆ. ಆದರೆ ಸುತ್ತಿಗೆ, ಅದನ್ನು ಹಿಡಿಯುವ ಕೊಂಡಿ ಮುಂತಾದವು ಮೆದು ಲೋಹ, ಸತುವಿನ ಎರಕ. ಅವು ಸವೆಯುತ್ತವೆ. ಸವೆದರೆ ಒಂದು ಒತ್ತಿದಾಗ ಎರಡು ಮೂರು ಹಾರುತ್ತವೆ, ಅದು ಅಪಾಯ. ಉಕ್ಕಿನ ಭಾಗ ಹಾಕಿದ್ದಾರಾ ಕೇಳು. ಅಯಸ್ಕಾಂತ ಹಿಡಿದು ನೋಡು, ಸತು ಅಂಟಲ್ಲ, ಉಕ್ಕು ಅಂಟುತ್ತದೆ.

ಜಿಎಚ್‌ಕೆ ಎಕೆ ನನ್ನ ಆಯ್ಕೆ. ಗಟ್ಟಿ. ಮೈ ಉಕ್ಕಿನದು, ಒಳಗೆ ಭಾಗಗಳು ಕಡಿಮೆ, ಧೂಳು ಹೋದರೂ ಒದರಿ ಒರೆಸಿ ಮತ್ತೆ ಆಡಬಹುದು. ಮ್ಯಾಗಜೀನ್ ಸೋರುವುದು ಕಡಿಮೆ. ಹಾಪ್-ಅಪ್ ಹೊಂದಿಸುವುದು ಮಾತ್ರ ರಗಳೆ, ಒಂದು ಸಲ ಕೂತು ತಾಳ್ಮೆಯಿಂದ ಹೊಂದಿಸಿಕೊಂಡರೆ ಮತ್ತೆ ಮುಟ್ಟಬೇಕಿಲ್ಲ.

ಆದರೆ ತಮ್ಮಾ, ಹಳೆಯದನ್ನು ತಗೊಳ್ಳುವಾಗ ರೈಫಲ್ ನೋಡಿ ಮರುಳಾಗಬೇಡ, ಮ್ಯಾಗಜೀನ್ ನೋಡು. ಗ್ಯಾಸ್ ರೈಫಲಿನ ಜೀವ ಇರುವುದು ಮ್ಯಾಗಜೀನಿನಲ್ಲಿ. ಟ್ಯಾಂಕ್, ವಾಲ್ವ್, ಸೀಲು ಎಲ್ಲಾ ಅದರೊಳಗೇ ಇವೆ. ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ಎಲ್ಲಾ ಮ್ಯಾಗಜೀನಿಗೂ ಗ್ಯಾಸ್ ತುಂಬಿಸು. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಿಗುತ್ತದಲ್ಲ, ಒಂದು ಗ್ರಾಮ್ ತೋರಿಸುವಂಥದ್ದು, ಅದರ ಮೇಲೆ ತೂಗಿ ಪ್ರತಿಯೊಂದಕ್ಕೂ ಚೀಟಿ ಅಂಟಿಸು. ರಾತ್ರಿ ಇಡು, ಬೆಳಗ್ಗೆ ಮತ್ತೆ ತೂಗು. ತೂಕ ಅಷ್ಟೇ ಇದ್ದರೆ ಸೀಲು ಸರಿ. ಎರಡು ಮೂರು ಗ್ರಾಮ್ ಇಳಿದರೆ ಎಲ್ಲೋ ಸೋರುತ್ತಿದೆ. ಕಿವಿ ಹತ್ತಿರ ಹಿಡಿದರೆ ಸುಸ್ ಅನ್ನುವ ದೊಡ್ಡ ಸೋರಿಕೆ ಯಾರಿಗಾದರೂ ತಿಳಿಯುತ್ತದೆ, ನಿಧಾನ ಸೋರುವುದು ತಕ್ಕಡಿಗೆ ಮಾತ್ರ ತಿಳಿಯುತ್ತದೆ. ಸೋರುವುದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಬರುತ್ತದೆ ಕಾಣುತ್ತದೆ. ತುಂಬುವ ವಾಲ್ವ್‌ನಿಂದಾ, ಹೊಡೆಯುವ ವಾಲ್ವ್‌ನಿಂದಾ, ತಳದ ಮುಚ್ಚಳದಿಂದಾ ನೋಡಿಕೊಂಡು ಆ ಓ-ರಿಂಗ್ (ಬಳೆಯಂಥ ರಬ್ಬರ್ ಸೀಲು) ಮಾತ್ರ ಬದಲಿಸಿದರೆ ಸಾಕು. ಎರಡೂ ಕೆಲಸಕ್ಕೆ ಮುಂಚೆ ಗುಂಡುಗಳನ್ನು ತೆಗೆದಿಡು. ನೀರಿನಿಂದ ತೆಗೆದ ಮೇಲೆ ಚೆನ್ನಾಗಿ ಒಣಗಿಸು, ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಸೀಲು ಬಿಚ್ಚುವ ಮುಂಚೆ ಗ್ಯಾಸ್ ಪೂರ್ತಿ ಖಾಲಿ ಮಾಡು, ಇದನ್ನು ಮರೆತರೆ ವಾಲ್ವ್ ಗುಂಡಿನ ಹಾಗೆ ಹಾರಿ ಮುಖಕ್ಕೆ ಬರುತ್ತದೆ.

ಎಣ್ಣೆ ವಿಷಯ. ರಬ್ಬರ್ ಇರುವ ಕಡೆ ಶುದ್ಧ ಸಿಲಿಕೋನ್ ಎಣ್ಣೆ ಮಾತ್ರ. ಟ್ರೆಡ್‌ಮಿಲ್ ಬೆಲ್ಟ್‌ಗೆ ಹಾಕುವ ಸಿಲಿಕೋನ್ ಎಣ್ಣೆ ಸಿಗುತ್ತದಲ್ಲ, ಬೇರೆ ಏನೂ ಬೆರೆಸದ್ದು, ಅದು ನಡೆಯುತ್ತದೆ. ನಾನು ಮೊದಲ ವರ್ಷ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ, ಎರಡೇ ತಿಂಗಳಲ್ಲಿ ಹಾಪ್-ಅಪ್ ರಬ್ಬರ್ ಉಬ್ಬಿ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತು. ಗ್ರೀನ್ ಗ್ಯಾಸ್‌ನಲ್ಲಿ ಎಣ್ಣೆ ಬೆರೆತಿರುತ್ತದೆ, 134ಎ ಒಣ ಗ್ಯಾಸ್. ಹಾಗಾಗಿ ನೀನು 134ಎ ಬಳಸಿದರೆ ನಾಲ್ಕೈದು ಸಲ ತುಂಬಿದ ಮೇಲೆ ತುಂಬುವ ವಾಲ್ವ್‌ಗೆ ಒಂದೆರಡು ಹನಿ ಬಿಡು. ಜಾಸ್ತಿ ಬಿಟ್ಟರೆ ಎಣ್ಣೆ ನಳಿಗೆಗೆ ಹೋಗಿ ಹಾಪ್-ಅಪ್ ಜಾರುತ್ತದೆ, ಗುಂಡು ಎಲ್ಲೆಲ್ಲೋ ಹೋಗುತ್ತದೆ. ನಳಿಗೆ, ಹಾಪ್-ಅಪ್ ಯಾವಾಗಲೂ ಒಣಗಿರಬೇಕು. ಕಡ್ಡಿಗೆ ಹತ್ತಿ ಬಟ್ಟೆ ಸುತ್ತಿ ಒಳಗೆ ತಿರುಗಿಸಿದರೆ ಸಾಕು, ಅದಕ್ಕೆ ಮುಂಚೆ ಹಾಪ್-ಅಪ್ ಪೂರ್ತಿ ಸಡಿಲ ಮಾಡು.

ಕಪ್ಪು ಮಣ್ಣಿನ ಧೂಳು ಅಂದೆ. ನಾನು ಬೀದರ್‌ನ ಕೆಂಪು ಮಣ್ಣಿನವನು, ಆದರೆ ನಮ್ಮ ಸೋದರಮಾವನ ಹೊಲ ಕಪ್ಪು. ಒಣಗಿದರೆ ಹಿಟ್ಟಿನ ಹಾಗೆ ಏಳುತ್ತದೆ. ಗ್ರೀಸ್ ಹಾಕಿದಷ್ಟೂ ಅದು ಅಂಟಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಬೋಲ್ಟ್ ಜಾರುವ ಹಳಿಗೆ, ಸುತ್ತಿಗೆ ಕೊಂಡಿಗೆ ಬೆರಳ ತುದಿಯಲ್ಲಿ ಎಷ್ಟು ಹತ್ತುತ್ತದೋ ಅಷ್ಟೇ ಗ್ರೀಸ್. ಉಳಿದದ್ದು ಒರೆಸಿಬಿಡು. ಮ್ಯಾಗಜೀನ್ ನೆಲದ ಮೇಲೆ ಇಡಬೇಡ, ಬಾಯಿಗೆ ಮಣ್ಣು ಹೋದರೆ ಮುಂದಿನ ಗುಂಡಿನ ಜೊತೆ ಅದು ನಳಿಗೆಗೆ ಹೋಗುತ್ತದೆ. ನೆಲಕ್ಕೆ ಬಿದ್ದ ಗುಂಡನ್ನು ಆರಿಸಿ ಮತ್ತೆ ತುಂಬಲೇಬೇಡ.

ಕೊನೆಗೆ ಇಡುವ ಬಗೆ. ಆಟ ಮುಗಿದ ಮೇಲೆ ಮ್ಯಾಗಜೀನ್ ಪೂರ್ತಿ ಖಾಲಿ ಮಾಡಬೇಡ. ಒಂದೆರಡು ಸೆಕೆಂಡ್ ತುಂಬಿದಷ್ಟು ಗ್ಯಾಸ್ ಒಳಗಿದ್ದರೆ ಸೀಲು ತನ್ನ ಜಾಗದಲ್ಲಿ ಒತ್ತಿ ಕೂತಿರುತ್ತದೆ. ತಂಪಾದ ಕೋಣೆಯಲ್ಲಿ ಇಡು. ತಗಡಿನ ಶೀಟಿನ ಕೆಳಗೆ, ಅಟ್ಟದ ಮೇಲೆ, ಕಾರಿನಲ್ಲಿ ಇಡಬೇಡ.

ಯಾದಗಿರಿ_ಅಕ್ಕ:

ನಾನು ಯಾದಗಿರಿಯಲ್ಲಿ ಕಣ್ಣಿನ ವಿಭಾಗದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ರೈಫಲ್ ಬಗ್ಗೆ ಇಷ್ಟು ಚೆನ್ನಾಗಿ ಬರೆದಿದ್ದೀರಿ, ಕಣ್ಣಿನ ಬಗ್ಗೆ ಯಾರೂ ಬರೆಯಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಗುಂಡಿನ ಆಟಿಕೆ ಪಿಸ್ತೂಲಿನಿಂದ ಪೆಟ್ಟಾದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಹೊರಗೆ ಗಾಯ ಕಾಣುವುದಿಲ್ಲ, ಒಳಗೆ ಕರಿಗುಡ್ಡೆಯ ಮುಂದೆ ರಕ್ತ ನಿಂತಿರುತ್ತದೆ. ಮುಂದೆ ವರ್ಷಗಳಾದ ಮೇಲೂ ಕಣ್ಣಿನ ಒಳಗಿನ ಒತ್ತಡ ಏರಿ ದೃಷ್ಟಿ ಹೋಗಬಹುದು. ನೀವು ಹೇಳುವ ರೈಫಲ್ ಆ ಆಟಿಕೆಗಿಂತ ಎಷ್ಟೋ ಬಲವಾದದ್ದು.

ತಂಪು ಕನ್ನಡಕ, ಬೈಕಿನ ಕನ್ನಡಕ, ವೆಲ್ಡಿಂಗ್ ಅಂಗಡಿಯ ಅಗ್ಗದ ಕನ್ನಡಕ ನಡೆಯುವುದಿಲ್ಲ. ಇಎನ್ 166 ಅಂತ ಯುರೋಪಿನ ಒಂದು ಹಳೆಯ ಮಾನದಂಡ ಇದೆ. ಅದರಲ್ಲಿ ಎಫ್ ಅಂತ ಗುರುತು ಇದ್ದರೆ ಸೆಕೆಂಡಿಗೆ 45 ಮೀಟರ್ ವೇಗದ ಪೆಟ್ಟು ತಡೆಯುತ್ತದೆ, ಬಿ ಅಂತ ಇದ್ದರೆ 120 ಮೀಟರ್. ಪರೀಕ್ಷೆಗೆ ಹೊಡೆಯುವುದು 6 ಮಿ.ಮೀ. ಅಗಲದ 0.86 ಗ್ರಾಮಿನ ಉಕ್ಕಿನ ಗುಂಡು. ನಿಮ್ಮ ಪ್ಲಾಸ್ಟಿಕ್ ಗುಂಡು 0.20 ಗ್ರಾಮ್, ವೇಗ ಸೆಕೆಂಡಿಗೆ 100 ಮೀಟರ್ ಸುಮಾರು. ಹಾಗಾಗಿ ಬಿ ಗುರುತು ಇರುವ, ಸುತ್ತಲೂ ಮುಚ್ಚುವ ಗಾಗಲ್ಸ್ ತಗೊಳ್ಳಿ. ಗುರುತು ಗಾಜಿನ ಮೇಲೂ ಇರಬೇಕು, ಚೌಕಟ್ಟಿನ ಮೇಲೂ ಇರಬೇಕು.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ಬೆವರು. ಗಾಗಲ್ಸ್ ಒಳಗೆ ಮಂಜಾಗುತ್ತದೆ, ಕಾಣಲ್ಲ ಅಂತ ಒಂದು ನಿಮಿಷ ಮೇಲೆ ಎತ್ತುತ್ತಾರೆ. ಪೆಟ್ಟು ಬೀಳುವುದು ಆ ಒಂದು ನಿಮಿಷದಲ್ಲೇ. ಗಾಗಲ್ಸ್ ತೆಗೆಯಬೇಕು ಅನ್ನಿಸಿದರೆ ಮೊದಲು ಕೂಗಿ ಆಟ ನಿಲ್ಲಿಸಿ, ಎಲ್ಲರೂ ಮ್ಯಾಗಜೀನ್ ತೆಗೆದ ಮೇಲೆ ಒರೆಸಿಕೊಳ್ಳಿ. ನೋಡಲು ಬಂದವರಿಗೂ ಗಾಗಲ್ಸ್ ಬೇಕು. ಹೊಲದಲ್ಲಿ ಆಡುತ್ತಿದ್ದರೆ ಕುರಿ ಕಾಯುವ ಹುಡುಗರು ಬಂದು ನಿಲ್ಲುತ್ತಾರೆ. ಅವರನ್ನು ನೋಡಿದ ಕೂಡಲೇ ನಿಲ್ಲಿಸಬೇಕು.

ಮತ್ತೆ ಎಳ್ಳಮಾವಾಸ್ಯೆ ದಿನ ಸುತ್ತಮುತ್ತ ಹೊಲಗಳಲ್ಲಿ ಮನೆಮಂದಿ ಎಲ್ಲಾ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಿರುತ್ತಾರೆ. ಆ ದಿನ, ಅದರ ಹಿಂದೆ ಮುಂದೆ ಬೇಡವೇ ಬೇಡ ತಮ್ಮಾ.

ಬೀದರದವನು_ತೈಚುಂಗ್:

ಅಕ್ಕಾ, ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಧನ್ಯವಾದ.

ಶಕ್ತಿಯ ಮಾತು ಒಂದು ಸೇರಿಸುತ್ತೇನೆ. ಬ್ರಿಟನ್‌ನಲ್ಲಿ 2017ರಿಂದ ಕಾನೂನಿನಲ್ಲೇ ಮಿತಿ ಇದೆ. ಸತತವಾಗಿ ಹೊಡೆಯುವ ರೈಫಲ್‌ಗೆ 1.3 ಜೂಲ್, ಒಂದೊಂದೇ ಹೊಡೆಯುವುದಕ್ಕೆ 2.5. ನೀವು ಐದಾರು ಜನ ಹತ್ತಿರದಲ್ಲೇ ಆಡುವವರು, ಎಲ್ಲಕ್ಕೂ 1.3 ಅಂತಲೇ ಇಟ್ಟುಕೊಳ್ಳಿ. 0.20 ಗ್ರಾಮಿನ ಗುಂಡು ಸೆಕೆಂಡಿಗೆ 114 ಮೀಟರ್ ಹೋದರೆ 1.3 ಜೂಲ್. 0.28 ಗ್ರಾಮಿನದಾದರೆ 96 ಮೀಟರಿಗೇ ಅಷ್ಟಾಗುತ್ತದೆ. ವೇಗ ಅಳೆಯುವ ಯಂತ್ರಕ್ಕೆ ನೀವು ಆಡುವ ಗುಂಡನ್ನೇ ಹಾಕಿ ಅಳೆಯಿರಿ, ಗ್ಯಾಸ್ ರೈಫಲಿನಲ್ಲಿ ಭಾರದ ಗುಂಡಿಗೆ ಶಕ್ತಿ ಜಾಸ್ತಿ ಬರುತ್ತದೆ.

ಅಳೆಯುವ ಹೊತ್ತು ಬಹಳ ಮುಖ್ಯ. ಬೆಳಗ್ಗೆ ಏಳಕ್ಕೆ ಅಳೆದು ಸರಿ ಇದೆ ಅಂತ ಮಧ್ಯಾಹ್ನದವರೆಗೆ ಆಡಬಾರದು. ಮೆಕ್ಯಾನಿಕ್ ಅಣ್ಣನ ಅಂಕಿ ನೋಡಿ, ಬಿಸಿಲು ಏರಿದ ಹಾಗೆ ಒತ್ತಡ ಏರುತ್ತದೆ. ಆಟ ನಡೆಯುವಾಗ ಅತಿ ಬಿಸಿ ಹೊತ್ತು ಯಾವುದೋ ಆವಾಗ ಇನ್ನೊಂದು ಸಲ ಅಳೆಯಿರಿ.

ತೊಗರಿ_ಹೊಲ:

ಎಲ್ಲರಿಗೂ ಮನಸಾರೆ ಧನ್ಯವಾದ. ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ, ಕಾರಣ ನೀವು ಹೇಳಿದ್ದನ್ನೆಲ್ಲಾ ಮಾಡಿ ಬರೋಣ ಅಂತ.

ಕಾಗದ ನೋಡಿದೆ. ಎಕೆ ಮತ್ತು ಡಬ್ಲ್ಯುಇ ಎರಡಕ್ಕೂ ಬಿಲ್ಲು, ಆಮದು ಅನುಮತಿ, ಕಸ್ಟಮ್ಸ್ ಚೀಟಿ ಮೂರೂ ಇವೆ. ಮರುಯಿಗೆ ಬಿಲ್ಲು ಮಾತ್ರ. ಅದನ್ನು ಅಲ್ಲಿಗೇ ಬಿಟ್ಟೆ. ಕೈಯಲ್ಲಿ ಹಿಡಿದಾಗ ಬಿಡಲು ಮನಸ್ಸು ಬರಲಿಲ್ಲ, ಆದರೂ ಬಿಟ್ಟೆ. ಕಮಿಷನರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೇನೆ. ಉತ್ತರ ಬರುವವರೆಗೆ ರೈಫಲ್ ಅವರ ಹತ್ತಿರವೇ ಇರಲಿ ಅಂದೆ, ಒಪ್ಪಿದರು.

ತೂಕದ ಪರೀಕ್ಷೆ ಅವರ ಮನೆಯಲ್ಲೇ ಮಾಡಿದೆವು. ಅವರ ಹತ್ತಿರ 134ಎ ಕ್ಯಾನ್ ಇತ್ತು. ಡಬ್ಲ್ಯುಇಯ ಐದರಲ್ಲಿ ಎರಡು ಮಾತ್ರ ತೂಕ ಉಳಿಸಿಕೊಂಡವು. ಒಂದಂತೂ ಬೆಳಗ್ಗೆ ಹೊತ್ತಿಗೆ ಪೂರ್ತಿ ಖಾಲಿ. ಎಕೆಯ ಮೂರರಲ್ಲಿ ಎರಡು ಸರಿ ಇವೆ, ಮೂರನೆಯದು 3 ಗ್ರಾಮ್ ಇಳಿದಿತ್ತು. ಬಕೆಟ್ ನೀರಿನಲ್ಲಿ ಮುಳುಗಿಸಿದರೆ ತುಂಬುವ ವಾಲ್ವ್ ಹತ್ತಿರ ಒಂದೊಂದೇ ಗುಳ್ಳೆ. ಐದು ಮ್ಯಾಗಜೀನ್ ಇದೆ ಅಂತ ಡಬ್ಲ್ಯುಇ ಕಡೆಯೇ ನನ್ನ ಮನಸ್ಸು ಇತ್ತು. ತೂಗದೆ ಹೋಗಿದ್ದರೆ ಅದನ್ನೇ ತರುತ್ತಿದ್ದೆ. ಅಯಸ್ಕಾಂತವೂ ಹಿಡಿದೆ, ಅದರ ಸುತ್ತಿಗೆಗೆ ಅಂಟಲಿಲ್ಲ.

ಹಾಗಾಗಿ ಎಕೆ. ಉತ್ತರ ಬಂದ ಮೇಲೆ ಹಣ.

ಅಕ್ಕಾ, ಗಾಗಲ್ಸ್ ಬಿ ಗುರುತಿನದೇ ಆರು ತರಿಸುತ್ತಿದ್ದೇವೆ, ಎರಡು ಹೆಚ್ಚಿಗೆ, ನೋಡಲು ಬಂದವರಿಗೆ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಆಟ ಮುಗಿಸುವುದು ಅಂತ ಎಲ್ಲರೂ ಒಪ್ಪಿದ್ದಾರೆ. ಅಪ್ಪ ಒಂದು ಮಾತು ಹೇಳಿದರು. ಪ್ಲಾಸ್ಟಿಕ್ ಗುಂಡು ಹೊಲದಲ್ಲಿ ಉಳಿದರೆ ಮೇಯುವ ದನದ ಹೊಟ್ಟೆಗೆ ಹೋಗುತ್ತದೆ ಅಂದರು. ಕರಗುವ ಗುಂಡು ಅಂತ ಮಾರುವುದನ್ನು ನೋಡಿದೆ, ಆದರೆ ಅದು ನಮ್ಮ ಒಣ ಮಣ್ಣಿನಲ್ಲಿ ಬೇಗ ಕರಗುವುದಿಲ್ಲವಂತೆ. ಅದಕ್ಕೆ ಹೊಲದ ಮೂಲೆಯಲ್ಲಿ ರಾಶಿ ಮಾಡುವ ಕಣ ಇದೆ, ಅಲ್ಲಿ ಸುತ್ತ ಹಳೆ ತಾಡಪತ್ರಿ ಕಟ್ಟಿ, ಕೆಳಗೂ ಹಾಸಿ ಗುರಿ ಹೊಡೆಯುವ ಅಭ್ಯಾಸ ಅಲ್ಲೇ ಮಾಡೋಣ ಅಂತಿದ್ದೇವೆ. ಗುಡಿಸಿ ತುಂಬಿಕೊಳ್ಳಬಹುದು. ಕಾಲಿಗೆ ತೊಗರಿ ಕೂಳೆ ಚುಚ್ಚುವುದೂ ತಪ್ಪುತ್ತದೆ.

ಮೆಕ್ಯಾನಿಕ್ ಅಣ್ಣಾ, ಆ ಸೋರುವ ವಾಲ್ವ್‌ನ ಓ-ರಿಂಗ್ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಪಂಪಿನ ಅಂಗಡಿಯಲ್ಲಿ ಸಿಗುತ್ತದಾ? ಕಪ್ಪು ರಬ್ಬರಿನದು ನಡೆಯುತ್ತದಾ?

ಗೇಜ್_ಮೆಕ್ಯಾನಿಕ್:

ಪಂಪಿನದು ಬೇಡ. ಕಾರ್ ಎಸಿಗೆ ಹಾಕುವ ಹಸಿರು ಓ-ರಿಂಗ್ ಕೇಳು, ಎಚ್‌ಎನ್‌ಬಿಆರ್ ಅಂತಾರೆ, 134ಎಗೆ ಅದೇ ಸರಿ. ಬಿಸಿಗೂ ತಡೆಯುತ್ತದೆ. ಹಳೆಯದನ್ನು ಒಯ್ದು ಪಕ್ಕದಲ್ಲಿ ಇಟ್ಟು ಅಳತೆ ನೋಡು, ಒಳಗಿನ ಅಗಲವೂ ದಪ್ಪವೂ ಎರಡೂ ಹೊಂದಬೇಕು. ಹಾಕುವ ಮುಂಚೆ ಸಿಲಿಕೋನ್ ಎಣ್ಣೆಯಲ್ಲಿ ಒಂದು ಸಲ ಅದ್ದು, ಒಣಗಿದ್ದನ್ನು ತಿರುಗಿಸಿದರೆ ಹರಿಯುತ್ತದೆ. ಹೊಲಕ್ಕೆ ಹೋಗುವಾಗ ಗೋಣಿಚೀಲ ಒದ್ದೆ ಮಾಡಿ ಬೇವಿನ ಮರದ ನೆರಳಿಗೆ ಹಾಕಿ, ಮ್ಯಾಗಜೀನ್ ಇರುವ ಡಬ್ಬಿಯನ್ನು ಅದರಲ್ಲಿ ಸುತ್ತಿಡು. ನಾವು ಗ್ಯಾಸ್ ಕ್ಯಾನ್ ಹೀಗೆಯೇ ಇಡುತ್ತೇವೆ. ಓ-ರಿಂಗ್ ಹಾಕಿದ ಮೇಲೆ ಮತ್ತೆ ತೂಗಿ ನೋಡಿ ಇಲ್ಲಿ ಬರಿ.